ಕಚ್ಚುವ ಮೊದಲು ಬೊಗ್ಗು ಕಿರುಚಿತ್ತು

ನೋಟಿಸು ಲಿಫ್ಟಿನ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿತ್ತು. ಮೂರೇ ವಾಕ್ಯ. ಒಂಬತ್ತನೇ ಮಹಡಿಯ ನಾಯಿ ಯಾವ ಕಾರಣವೂ ಇಲ್ಲದೆ ನಿವಾಸಿಯೊಬ್ಬರನ್ನು ಕಚ್ಚಿದೆ. ಅದು ಸ್ವಭಾವದಿಂದಲೇ ಅಪಾಯಕಾರಿ. ಮುಂದಿನ ಸಭೆಯ ಹೊತ್ತಿಗೆ ಸರಿಹೋಗದಿದ್ದರೆ ಮನೆಯವರು ಅದನ್ನು ಕಟ್ಟಡದಿಂದ ಹೊರಗೆ ಕಳಿಸತಕ್ಕದ್ದು.

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿ ತಿದ್ದಿದವಳು ನಾನು. ಆ ಚಾಳಿ ಈಗಿನ ಕೆಲಸದಲ್ಲೂ ಬಿಟ್ಟಿಲ್ಲ. 'ಕಾರಣವಿಲ್ಲದೆ' ಎಂದು ಹೇಳಿದವರು ಯಾರು? ಸ್ವಭಾವವನ್ನು ಅಳೆದವರು ಯಾರು? ನೋಟಿಸಿನಲ್ಲಿ ಉತ್ತರವಿರಲಿಲ್ಲ, ಸೊಸೈಟಿ ಸೆಕ್ರೆಟರಿಯ ಸಹಿ ಇತ್ತು. ಅದರ ಮಗ್ಗುಲಲ್ಲೇ ನಾಯಿ ತರಬೇತುದಾರನೊಬ್ಬನ ಕಾರ್ಡನ್ನು ಪಿನ್ನು ಚುಚ್ಚಿ ಹಾಕಿದ್ದರು. ಅದರಲ್ಲಿ ಕೈಕಟ್ಟಿ ನಿಂತ ಮನುಷ್ಯನ ಚಿತ್ರ, ಅವನ ಕಾಲ ಬುಡದಲ್ಲಿ ತಲೆ ತಗ್ಗಿಸಿ ಕೂತ ನಾಯಿ.

ನಾನು ಮುಂಬೈ ಹತ್ತಿರದ ಡೊಂಬಿವಲಿಯವಳು, ನಾಯಿಗಳ ನಡವಳಿಕೆಯ ಕೆಲಸ ಮಾಡುತ್ತೇನೆ. ಹೊಡೆಯದೆ, ಹೆದರಿಸದೆ, ನಾಯಿಯ ಊಟ, ನೋವು, ನಿದ್ದೆ, ಮನೆ ಎಲ್ಲವನ್ನೂ ಒಟ್ಟಿಗೆ ನೋಡಿ ಕಲಿಸುವ ಪದ್ಧತಿ ನಮ್ಮದು. ಠಾಣೆ ನಗರದ ಘೋಡಬಂದರ್ ರಸ್ತೆಯ ಈ ಕಟ್ಟಡಕ್ಕೆ ನನ್ನನ್ನು ಕರೆಸಿದ್ದು ಒಂಬತ್ತನೇ ಮಹಡಿಯ ಮನೆಯ ಯಜಮಾನರು. ಉಡುಪಿ ಕಡೆಯವರು, ಠಾಣೆ ರೈಲು ಸ್ಟೇಷನ್ನಿನ ಹತ್ತಿರ ಅವರ ಹೋಟೆಲು. ಮನೆಯಲ್ಲಿ ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು, ಯಜಮಾನರ ತಾಯಿ. ಹೋಟೆಲಿನ ಹಿಂಬಾಗಿಲಲ್ಲಿ ಸಿಕ್ಕಿದ ಮರಿಯೊಂದನ್ನು ಎರಡೂವರೆ ವರ್ಷದ ಹಿಂದೆ ಮಗಳು ಶಾಲೆಯ ಚೀಲದಲ್ಲಿಟ್ಟುಕೊಂಡು ತಂದಿದ್ದಳು. ಅಜ್ಜಿ ಅದಕ್ಕೆ ಬೊಗ್ಗು ಎಂದು ಹೆಸರಿಟ್ಟಿದ್ದರು.

"ಸಭೆಗೆ ಇನ್ನು ಐದು ವಾರ ಉಂಟು ಮೇಡಂ," ಎಂದರು ಯಜಮಾನರು. "ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಆ ತರಬೇತಿಯವ ಬದಲಾಪುರದ ತನ್ನ ಫಾರ್ಮಿಗೆ ಕೊಂಡೋಗ್ತಾನಂತೆ. ಎರಡು ತಿಂಗಳು ಅಲ್ಲೇ ಇಟ್ಟು ಸರಿ ಮಾಡ್ತಾನಂತೆ. ಸೆಕ್ರೆಟರಿ ಒಪ್ಪಿದ್ದಾರೆ."

"ನೀವು ಒಪ್ಪಿದ್ದೀರಾ?"

"ನಾನು ಎಂತ ಒಪ್ಪುದು? ನನಗೆ ಈ ಬಿಲ್ಡಿಂಗಲ್ಲೇ ಇರ್ಬೇಕಲ್ವಾ."

ಮೊದಲ ಭೇಟಿಯಲ್ಲಿ ನಾನು ನಾಯಿಯನ್ನು ಮುಟ್ಟುವುದಿಲ್ಲ, ಮಾತಾಡಿಸುವುದಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತು ಕಂಡದ್ದನ್ನು ಬರೆದುಕೊಳ್ಳುತ್ತೇನೆ. 'ಸಿಟ್ಟು ಬಂತು' ಎಂದು ಬರೆಯಬಾರದು. 'ಬಾಯಿ ಮುಚ್ಚಿತು, ತುಟಿ ನೆಕ್ಕಿತು, ಮೈ ಬಿಗಿಯಿತು' ಎಂದು ಬರೆಯಬೇಕು. ಬೊಗ್ಗು ಕೋಣೆಯ ಆ ತುದಿಯಲ್ಲಿ ನಿಂತಿತು. ನಲವತ್ತು ನಿಮಿಷವೂ ನಿಂತೇ ಇತ್ತು. ಕೊರಳನ್ನು ಎಡಕ್ಕೆ ತಿರುಗಿಸುತ್ತಿರಲಿಲ್ಲ. ಎಡಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿತ್ತು.

"ಕೊರಳಿಗೆ ಏನಾದರೂ ಹಾಕ್ತಿದ್ರಾ?" ಎಂದು ಕೇಳಿದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಉತ್ತರ ಕೊಟ್ಟವಳು ಮಗಳು. "ಕರೆಂಟ್ ವಾಲಾ ಬೆಲ್ಟ್," ಎಂದು ಅಲಮಾರಿಯಿಂದ ಡಬ್ಬ ತಂದು ನನ್ನ ಮುಂದಿಟ್ಟಳು.

ಹಿಂದಿನ ಕಥೆ ಹೀಗಿತ್ತು. ಬೊಗ್ಗು ಬೊಗಳುತ್ತದೆ ಎಂದು ಮೂರು ತಿಂಗಳ ಹಿಂದೆ ದೂರು ಬಂತು. ಸೆಕ್ರೆಟರಿ ಈ ತರಬೇತುದಾರನ ಕಾರ್ಡು ಕೊಟ್ಟು, ಇವನಿಂದಲೇ ಕಲಿಸಬೇಕು ಎಂದರು. ಅವನು ಹತ್ತು ದಿನ ಬಂದ. ಬೆಲ್ಟಿನ ಒಳಮೈಯಲ್ಲಿ ಎರಡು ಲೋಹದ ಮೊಳೆಗಳಿದ್ದವು. ರಿಮೋಟ್ ಒತ್ತಿದರೆ ಮೊದಲು 'ಟಿಂಗ್' ಎಂಬ ಸದ್ದು, ಅರೆಕ್ಷಣದ ಬಳಿಕ ಕೊರಳಿಗೆ ಕರೆಂಟು. ನಾಯಿ ಸುಮ್ಮನಾಯಿತು. ಕೊನೆಯ ದಿನ ಅವನು ಪ್ರಮಾಣಪತ್ರ ಕೊಟ್ಟು ಹೋದ. ಅದು ಇನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಬೊಗ್ಗು ಈಗ 'ವಿಧೇಯ' ಎಂದು ಅದರಲ್ಲಿ ಬರೆದಿತ್ತು. ಅದಾಗಿ ಒಂಬತ್ತನೇ ದಿನ ಸಂಜೆ, ಲಿಫ್ಟಿನಲ್ಲಿ, ಬೊಗ್ಗು ಹನ್ನೊಂದನೇ ಮಹಡಿಯವರ ಕೈ ಕಚ್ಚಿತು.

ಆ ಬೆಲ್ಟನ್ನು ನಾನು ಮನೆಗೆ ಕೊಂಡೊಯ್ದೆ. ಹತ್ತು ಮಟ್ಟಗಳಿದ್ದವು. ಆರರಲ್ಲಿಡಲು ಅವನು ಹೇಳಿದ್ದನಂತೆ. ಅಡುಗೆಮನೆಯಲ್ಲಿ ನಿಂತು ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡು ಮೂರರಲ್ಲಿಟ್ಟು ಒತ್ತಿದೆ. ಕೈಯಲ್ಲಿದ್ದ ಚಮಚ ನೆಲಕ್ಕೆ ಬಿತ್ತು. ಎರಡನೇ ಸಲ ಟಿಂಗ್ ಎನ್ನುವಾಗಲೇ, ಕರೆಂಟು ಬರುವ ಮೊದಲೇ, ಹೆಗಲು ಕಿವಿಯವರೆಗೆ ಏರಿತು. ಮೂರನೇ ಸಲ ಒತ್ತಲಿಲ್ಲ. ನನಗೆ ಒತ್ತದಿರುವ ಆಯ್ಕೆ ಇತ್ತು.

ತರಬೇತುದಾರನಿಗೆ ಫೋನು ಮಾಡಿದೆ. ಎರಡೂ ಕಡೆಯ ಮಾತು ಕೇಳದೆ ಏನನ್ನೂ ಬರೆಯಬಾರದು ಎಂಬ ಪಾಠ ಇನ್ನೂ ಉಳಿದಿದೆ.

"ಮೇಡಂಜೀ, ಕುತ್ತೇ ಕೋ ಮಾಲೂಮ್ ಹೋನಾ ಚಾಹಿಯೇ ಬಾಸ್ ಕೌನ್ ಹೈ," ಎಂದ. ಬಾಸ್ ಯಾರೆಂದು ನಾಯಿಗೆ ಗೊತ್ತಿರಬೇಕು. ಬೆಲ್ಟಿನ ಹೊಡೆತ ಬರೀ ಕಚಗುಳಿಯಂತೆ. ಮನೆಯವರು ಮೆತ್ತಗಾದ್ದರಿಂದ ನಾಯಿ ಕೆಟ್ಟಿತು. ಬದಲಾಪುರದಲ್ಲಿ ಅದರ ಅಹಂಕಾರ ಇಳಿಸುತ್ತಾನಂತೆ.

"ಕಚಗುಳಿ ಅಂದಿರಿ. ನೀವು ಕಟ್ಟಿಕೊಂಡು ನೋಡಿದ್ದೀರಾ?"

"ಮೈ ಕ್ಯೂಂ ಬಾಂಧೂಂ? ಮೈ ಕುತ್ತಾ ಹೂಂ ಕ್ಯಾ?" ಎಂದು ನಕ್ಕ. ನಾನ್ಯಾಕೆ ಕಟ್ಟಿಕೊಳ್ಳಲಿ, ನಾನೇನು ನಾಯಿಯೇ?

ಅವನ ಮಾತನ್ನು ಹಾಗೆಯೇ ಬರೆದಿಟ್ಟುಕೊಂಡೆ.

ಮರುದಿನ ಕಚ್ಚಿಸಿಕೊಂಡವರನ್ನು ಕಂಡೆ. ಮೈಸೂರಿನವರು, ಮಹಾಪೆಯ ಐಟಿ ಕಂಪನಿಯೊಂದರಲ್ಲಿ ಕೆಲಸ. ಬಲಗೈಯ ಹೆಬ್ಬೆರಳ ಬುಡದಲ್ಲಿ ಗಾಯ ಇನ್ನೂ ಮಾಯುತ್ತಿತ್ತು. ಇಂಜೆಕ್ಷನ್ನು ಎಲ್ಲ ಹಾಕಿಸಿಕೊಂಡಿದ್ದರು.

"ನಿಮ್ಮ ಹೇಳಿಕೆಯನ್ನು ಸೆಕ್ರೆಟರಿ ಬರೆದುಕೊಂಡರಾ?"

"ಎಲ್ಲಿ ಬಂತು? ಕಚ್ಚಿದ್ದು ನನಗೆ, ನೋಟಿಸ್ ಬರ್ದಿದ್ದು ಅವ್ರು. ಒಂದು ಮಾತು ಕೇಳ್ಲಿಲ್ಲ ಕಣ್ರೀ."

"ನಾನು ಕೇಳುತ್ತೇನೆ. ಏನೇನಾಯಿತೋ ಅದೇ ಕ್ರಮದಲ್ಲಿ ಹೇಳಿ."

ಅವರು ಕಣ್ಣು ಮುಚ್ಚಿಕೊಂಡರು. "ಆಫೀಸಿಂದ ಬಂದೆ. ಕೆಳಗೆ ಲಿಫ್ಟಲ್ಲಿ ಆ ಹುಡುಗಿ, ನಾಯಿ ಇದ್ವು. ಹತ್ತಿದೆ. ಅದು ಸುಮ್ನೇ ಇತ್ತು. ಒಂಬತ್ತು ಬಂತು, ಲಿಫ್ಟು ಟಿಂಗ್ ಅಂತು. ನಾಯಿ ಕುಯ್ಯೋ ಅಂತ ಕಿರುಚ್ಕೊಳ್ತು. ಆಮೇಲೆ ನನ್ನ ಕೈ..." ನಿಲ್ಲಿಸಿ ಕಣ್ಣು ಬಿಟ್ಟರು. "ಅರೆ, ಮೊದ್ಲು ಕಿರುಚ್ತಲ್ವಾ? ಯಾಕ್ರೀ ಕಿರುಚ್ತು? ನಾನು ಮುಟ್ಟೂ ಇರ್ಲಿಲ್ಲ."

ಸದ್ದು, ಕಿರುಚು, ಕಚ್ಚು. ಆ ಸಂಜೆ ಬೊಗ್ಗುವಿನ ಕೊರಳಲ್ಲಿ ಬೆಲ್ಟು ಇರಲೇ ಇಲ್ಲ. ಆದರೆ ಟಿಂಗ್ ಎಂದರೆ ಕರೆಂಟು ಎಂದು ಹತ್ತು ದಿನ ಹಿಡಿದು ಕಲಿಸಿದ್ದರು. ಅದು ಚೆನ್ನಾಗಿಯೇ ಕಲಿತಿತ್ತು. ಅವರ ಹೇಳಿಕೆಯನ್ನು ಬರೆದು ಓದಿ ಹೇಳಿ ಸಹಿ ಹಾಕಿಸಿಕೊಂಡೆ.

ಮೊದಲ ವಾರ ಕಲಿಸುವುದಿಲ್ಲ, ವೈದ್ಯರಿಗೆ ತೋರಿಸುತ್ತೇವೆ. ಠಾಣೆಯ ಪಶುವೈದ್ಯೆ ಕೊರಳ ಕೂದಲು ಬೋಳಿಸಿದಾಗ ಎರಡು ದುಂಡನೆಯ ಹುಣ್ಣುಗಳು ಕಂಡವು. ಎಡಗಡೆಯದರಲ್ಲಿ ಕೀವು ತುಂಬಿತ್ತು. ಆಕೆ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ನನಗೆ ಕಳಿಸಿದರು. ನೋವಿನ ಔಷಧಿ ಶುರುವಾಯಿತು. ಕೊರಳ ಬೆಲ್ಟು ಹೋಗಿ ಎದೆಗೆ ಹಾಕುವ ಪಟ್ಟಿ ಬಂತು. ಕಚ್ಚಿದ ನಾಯಿ ಲಿಫ್ಟಿನಲ್ಲಿ ಓಡಾಡುವಾಗ ಉಳಿದವರಿಗೂ ರಕ್ಷಣೆ ಬೇಕು. ಅದರಲ್ಲಿ ನನಗೆ ಸಂಶಯವಿಲ್ಲ. ಅದಕ್ಕೆ ಮಝಲ್ ಬೇಕು, ಗದ್ದೆಯ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯಂಥದ್ದು. ಅದನ್ನು ಒತ್ತಾಯದಿಂದ ಹಾಕಲಿಲ್ಲ. ಒಳಗೆ ಮೊಸರು ಸವರಿ ನೆಲದ ಮೇಲಿಟ್ಟೆವು. ಆರನೇ ದಿನ ಬೊಗ್ಗು ತಾನೇ ಮೂತಿ ತೂರಿಸಿತು.

ಆಮೇಲೆ ಸದ್ದಿನ ಪಾಠ. ಲಿಫ್ಟಿನ ಟಿಂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೇಳಿಯೂ ಕೇಳದಷ್ಟು ಮೆಲ್ಲಗೆ ನುಡಿಸುವುದು. ಸದ್ದಿನ ಹಿಂದೆಯೇ ಬೇಯಿಸಿದ ಕೋಳಿಯ ಚೂರು. ಹೆದರಿ ಕಿವಿ ಹಿಂದಕ್ಕೆ ಹೋದರೆ ಅಂದಿನ ಪಾಠ ಮುಗಿಯಿತು. ಮಗಳು ಇದನ್ನು ಬಹಳ ಶ್ರದ್ಧೆಯಿಂದ ಮಾಡಿದಳು. ಎರಡನೇ ವಾರದ ಕೊನೆಗೆ ಬೊಗ್ಗು ಟಿಂಗ್ ಕೇಳಿದರೆ ಅವಳ ಮುಖ ನೋಡತೊಡಗಿತು.

ಕಾರಣ ಸಿಕ್ಕಿತು ಎಂದುಕೊಂಡೆ. ಅದು ನನ್ನ ತಪ್ಪು.

ಮೂರನೇ ವಾರದ ಬುಧವಾರ ಸಂಜೆ ಏಳಕ್ಕೆ ಬೊಗ್ಗು ಮಗಳ ಮೇಲೆಯೇ ಹಾರಿತು. ಹಾಲ್‌ನಲ್ಲಿ ಅವಳು ಪುಸ್ತಕ ಎತ್ತಿಕೊಳ್ಳಲು ಬಗ್ಗಿದ್ದಳು, ಅಷ್ಟೇ. ಲಿಫ್ಟಿಲ್ಲ, ಟಿಂಗ್ ಇಲ್ಲ. ಹಲ್ಲು ತೋಳಿನ ಬಟ್ಟೆಯನ್ನು ಹಿಡಿಯಿತು, ಚರ್ಮಕ್ಕೆ ತಾಗಲಿಲ್ಲ. ನಾನು ಹೋದಾಗ ಅವಳು ಹರಿದ ತೋಳನ್ನು ಹಿಡಿದುಕೊಂಡು ಕೂತಿದ್ದಳು. "ಉಸ್ನೇ ಮುಝೇ ಪೆಹಚಾನಾ ಹೀ ನಹೀಂ, ಆಂಟಿ," ಎಂದಳು. ಅದಕ್ಕೆ ನನ್ನ ಗುರುತೇ ಸಿಗಲಿಲ್ಲ.

ತಾಯಿ ನನ್ನ ಕಡೆ ನೋಡದೆ ಹೇಳಿದರು: "ಸಾಕು. ಹೊರಗಿನವರಾದ್ರೆ ಬೇರೆ. ಇದು ನನ್ನ ಮಗಳು."

ಯಜಮಾನರು ಆಗಲೇ ತರಬೇತುದಾರನಿಗೆ ಫೋನು ಮಾಡಿಯಾಗಿತ್ತು. ಶನಿವಾರ ಬದಲಾಪುರದಿಂದ ವ್ಯಾನು ಬರುವುದಿತ್ತು.

ಎರಡು ದಿನದ ಸಮಯ ಕೇಳಿದೆ. ಮನೆಗೆ ಬಂದು ನನ್ನ ಟಿಪ್ಪಣಿಯನ್ನು ಬೇರೆ ಯಾರೋ ಬರೆದ ವರದಿಯಂತೆ ಓದಿದೆ. ಗುರುಗುಟ್ಟಿದ್ದು, ಹಲ್ಲು ತೋರಿದ್ದು, ಕಚ್ಚಿದ್ದು ಎಲ್ಲವೂ ಸಂಜೆ ಆರರಿಂದ ಎಂಟರ ನಡುವೆ. ಬೆಳಿಗ್ಗೆ ಒಂದೂ ಇಲ್ಲ. ಲಿಫ್ಟು ಬೆಳಿಗ್ಗೆಯೂ ಟಿಂಗ್ ಎನ್ನುತ್ತದಲ್ಲ? ಹಾಗಾದರೆ ಬೆಳಗಿಗೂ ಸಂಜೆಗೂ ನಡುವೆ ಏನಾಗುತ್ತದೆ? ಮೊದಲ ಪುಟಕ್ಕೆ ಹೋದೆ. ನನ್ನದೇ ಅಕ್ಷರ: 'ನಿದ್ದೆ: ಸಾಕಷ್ಟು. ಹಗಲಿಡೀ ಮಲಗಿರುತ್ತದೆ (ಅಜ್ಜಿ).' ಒಬ್ಬರ ಮಾತು, ಪರೀಕ್ಷಿಸದೆ ಬರೆದ ಸಾಲು. ಬೇರೆಯವರ ವರದಿಯಲ್ಲಿದ್ದರೆ ನಾನೇ ಕೆಂಪು ಗೆರೆ ಎಳೆಯುತ್ತಿದ್ದೆ. ಸೆಕ್ರೆಟರಿಯ ನೋಟಿಸಿನಲ್ಲಿ ಹಿಡಿದ ತಪ್ಪನ್ನೇ ನಾನೂ ಮಾಡಿದ್ದೆ.

ಗುರುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, "ಬೊಗ್ಗು ಹಗಲು ಎಲ್ಲಿ ಮಲಗುತ್ತದೆ ತೋರಿಸಿ," ಎಂದೆ. ನಾನು ಹೋದಾಗಲೆಲ್ಲ ಅದನ್ನು ಮೊದಲೇ ಹಾಲ್‌ಗೆ ತಂದಿರುತ್ತಿದ್ದರು.

ಅಡುಗೆಮನೆಯ ಹಿಂದಿನ ಡ್ರೈ ಬಾಲ್ಕನಿ. ನಾಲ್ಕು ಅಡಿ ಅಗಲ, ವಾಷಿಂಗ್ ಮೆಷಿನ್ನು, ಪಾತ್ರೆ ತೊಳೆಯುವ ಜಾಗ, ಗೋಡೆಯಾಚೆ ಲಿಫ್ಟು ಏರಿಳಿಯುವ ಬಾವಿ. ನಲ್ಲಿಯ ಕೊಳವೆಗೆ ಸರಪಳಿ. ಅಜ್ಜಿ ಬೆಳಿಗ್ಗೆ ಏಳಕ್ಕೆ ಕಟ್ಟುತ್ತಿದ್ದರು, ಸಂಜೆ ಆರಕ್ಕೆ ಬಿಡುತ್ತಿದ್ದರು. ಊರಿನ ಪದ್ಧತಿ ಅದು. ಹಗಲು ಬಂದುಹೋಗುವವರ ಮೇಲೆ ಹಾರದಿರಲೆಂದು ಕಟ್ಟುವುದು, ರಾತ್ರಿ ಮನೆ ಕಾಯಲೆಂದು ಬಿಡುವುದು. ಯಾರಿಗೂ ಅದನ್ನು ಹೇಳಬೇಕೆಂದು ಅನಿಸಿರಲಿಲ್ಲ. ನಾಯಿ ಸಾಕುವುದೆಂದರೇ ಹಾಗಲ್ಲವೇ?

ನನ್ನ ಫೋನನ್ನು ಮೆಷಿನ್ನಿನ ಮೇಲೆ ಒರಗಿಸಿಟ್ಟು ವೀಡಿಯೊ ಹಾಕಿ ಬಂದೆ. ಮಧ್ಯಾಹ್ನ ಅದನ್ನು ಲ್ಯಾಪ್‌ಟಾಪಿಗೆ ಹಾಕಿ ಅಜ್ಜಿಯ ಮುಂದಿಟ್ಟೆ.

"ನಮ್ಮ ಊರಲ್ಲಿ ಎಷ್ಟು ನಾಯಿ ಸಾಕಿದ್ದೇವೆ ಗೊತ್ತುಂಟಾ?" ಎಂದರು ಅಜ್ಜಿ. "ಎಲ್ಲವನ್ನೂ ಹಗಲು ಕಟ್ಟಿಯೇ ಸಾಕಿದ್ದು. ಯಾವುದೂ ಮನೆಯವರನ್ನು ಕಚ್ಚಲಿಲ್ಲ. ಈಗ ತಪ್ಪು ನನ್ನದಾ ಮಾರಾಯ್ತಿ?"

"ಅಲ್ಲಿ ಎಲ್ಲಿ ಕಟ್ಟುತ್ತಿದ್ರಿ ಅಮ್ಮಾ?"

"ಕೊಟ್ಟಿಗೆ ಬದಿಯಲ್ಲಿ. ಬೂದಿ ರಾಶಿ ಇರ್ತಿತ್ತು, ಅದ್ರಲ್ಲಿ ಹೊಂಡ ಮಾಡಿ ಬಿದ್ಕೊಂಡ್ರೆ ಸಂಜೆವರೆಗೆ ಅಲ್ಲಾಡ್ತಿರ್ಲಿಲ್ಲ."

"ಈಗ ಇದನ್ನು ನೋಡಿ."

ಬೊಗ್ಗು ಮಲಗಿತ್ತು, ನಿಜ. ಗದ್ದ ಮುಂಗಾಲ ಮೇಲೆ, ಕಣ್ಣು ತೆರೆದೇ. ಗೋಡೆಯಾಚೆ ಲಿಫ್ಟು ಗುಂಯ್‌ಗುಟ್ಟಿತು, ತಲೆ ಎತ್ತಿತು. ಮೆಷಿನ್ನು ನೀರು ಎಳೆಯಿತು, ಎದ್ದು ನಿಂತಿತು. ಪಾತ್ರೆ ಬಿತ್ತು, ಗೋಡೆಗೆ ಅಂಟಿಕೊಂಡಿತು. ಮಲಗಿತು. ಕಣ್ಣು ಇನ್ನೇನು ಮುಚ್ಚಿತು ಎನ್ನುವಾಗ ಲಿಫ್ಟು ಟಿಂಗ್ ಎಂದಿತು. ಇಷ್ಟು ಸಾಕು ಎಂದು ನಿಲ್ಲಿಸಹೋದೆ. ಅಜ್ಜಿ ನನ್ನ ಕೈ ಸರಿಸಿದರು. ಒಂದು ಗಂಟೆ ಕಾಲ ನೋಡಿದರು.

ಕೊನೆಗೆ, "ಇದಕ್ಕೆ ನಿದ್ದೆಯೇ ಇಲ್ಲ ಅಲ್ವಾ ಮಗಾ," ಎಂದರು.

ಅಲ್ಲಿಗೆ ಇಡೀ ಕಥೆ ಬುಡದಿಂದ ಬಿಚ್ಚಿಕೊಂಡಿತು. ಹಗಲು ನಿದ್ದೆಯಿಲ್ಲ, ರಾತ್ರಿ ಕಾವಲು. ಆ ಆಯಾಸಕ್ಕೆ ಲಿಫ್ಟು ಅಲ್ಲಾಡಿದರೂ ಬೊಗಳು. ಬೊಗಳಿದ್ದಕ್ಕೆ ದೂರು, ದೂರಿಗೆ ಕರೆಂಟು, ಕರೆಂಟಿಗೆ ಕಡಿತ, ಕಡಿತಕ್ಕೆ ಬದಲಾಪುರ. ಇಷ್ಟು ಮೆಟ್ಟಿಲಿನಲ್ಲಿ ಒಂದು ಕಡೆಯಾದರೂ ಯಾರಾದರೂ ನಿಂತು 'ಇದು ಯಾಕೆ ಬೊಗಳುತ್ತಿದೆ' ಎಂದು ಕೇಳಿದ್ದರೆ! ಅಜ್ಜಿಯ ತಪ್ಪು ತಿಳಿಯದೆ ಆದದ್ದು. ಒಂದು ಗಂಟೆಯಲ್ಲಿ ಒಪ್ಪಿಕೊಂಡರು. ಕೊರಳಲ್ಲಿ ಕೀವು ಬರುವಷ್ಟು ದಿನ ಗುಂಡಿ ಒತ್ತಿಸಿದವನು ಒಪ್ಪಿಕೊಂಡಿಲ್ಲ. ಅವನಿಗೆ ಅದು ಕೆಲಸ ಬಲ್ಲವನ ಗತ್ತು. ನನ್ನ ಸಿಟ್ಟು ಅವನ ಒಬ್ಬನ ಮೇಲಲ್ಲ. ಅರ್ಧ ನಿಮಿಷದಲ್ಲಿ ಸದ್ದಡಗಿಸುವುದನ್ನೇ ತರಬೇತಿ ಎಂದು ಕರೆಯುವ, ಅದಕ್ಕೆ ಮುದ್ರೆ ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕುವ ಎಲ್ಲರ ಮೇಲೆ.

ಆ ಸಂಜೆ ನನ್ನ ನಿರ್ಧಾರ ಹೇಳಿದೆ. ಹತ್ತು ದಿನ ಯಾವ ಪಾಠವೂ ಇಲ್ಲ. ಮಝಲ್ ಹಾಕಿ, ಲಿಫ್ಟು ಖಾಲಿ ಇರುವ ಹೊತ್ತಿನಲ್ಲಿ ಕೆಳಗೆ ಹೋಗಿ ಬರುವುದು. ಉಳಿದ ಹೊತ್ತು ನಿದ್ದೆ. ಸರಪಳಿ ಬೇಡ. ರಾತ್ರಿ ಕಾವಲೂ ಬೇಡ.

ಯಜಮಾನರಿಗೆ ನಂಬಿಕೆ ಬರಲಿಲ್ಲ. "ಸಭೆಗೆ ಎರಡು ವಾರ ಉಂಟು. ಅಲ್ಲಿ ಸಿಟ್, ಸ್ಟೇ ಎಲ್ಲ ಮಾಡಿ ತೋರಿಸ್ಬೇಕು ಅಂತ ಸೆಕ್ರೆಟರಿ ಹೇಳಿದ್ದಾರೆ. ನೀವು ಕಲಿಸುದು ಬಿಟ್ಟು ಮಲಗಿಸ್ತೇನೆ ಅಂತೀರಿ. ಅದಕ್ಕಾ ನಿಮ್ಮನ್ನು ಕರೆದದ್ದು?"

"ಹೌದು," ಎಂದೆ. ಈ ನಿದ್ದೆ ಕೆಲಸಕ್ಕೆ ಬಾರದಿದ್ದರೆ ನಾಯಿಯನ್ನು ಕಳೆದವಳು ನಾನೇ ಆಗುತ್ತಿದ್ದೆ.

ಹೆಂಡತಿ ಅತ್ತೆಯ ಮುಖ ನೋಡಿದರು. ಅಜ್ಜಿ ಮಗನಿಗೆ ತುಳುವಿನಲ್ಲಿ ಏನೋ ಹೇಳಿದರು. ಅವರು ಎದ್ದು ಹೋಗಿ ಶನಿವಾರದ ವ್ಯಾನು ಬೇಡವೆಂದು ಫೋನು ಮಾಡಿದರು. ಅಜ್ಜಿ ನನ್ನ ಕಡೆ ತಿರುಗಿ, "ನನ್ನ ಕೋಣೆಯಲ್ಲಿ ಮಲಗ್ಲಿ. ಅಲ್ಲಿಗೆ ಲಿಫ್ಟು ಅಷ್ಟು ಕೇಳುದಿಲ್ಲ," ಎಂದರು.

ಮೊದಲ ಮೂರು ದಿನ ಬೊಗ್ಗು ಕೋಣೆಯಲ್ಲಿ ಸುತ್ತು ಹಾಕಿತು, ಬಾಗಿಲ ಬಳಿ ನಿಂತು ಕೊರಗಿತು, ಅಜ್ಜಿಯ ಚಪ್ಪಲಿ ಕಡಿಯಿತು. ಟಿಪ್ಪಣಿ ಬರೆಯುವ ಕೆಲಸವನ್ನು ಅಜ್ಜಿಯೇ ವಹಿಸಿಕೊಂಡಿದ್ದರು. ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದರು. ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು. ದನಿ ಪಿಸುಗುಟ್ಟುತ್ತಿತ್ತು.

"ಮಗಾ, ಇದು ಕಾಲು ಚಾಚಿ ಮಗ್ಗುಲಾಗಿ ಬಿದ್ದಿದೆ. ಕಾಲು ಅದರ್ತಾ ಉಂಟು. ಫಿಟ್ಸಾ?"

"ಅಲ್ಲ ಅಮ್ಮಾ. ಕನಸು."

ಆಚೆಯಿಂದ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಚ್ಚಿದ ಸದ್ದು ಕೇಳಿತು.

ಏಳನೇ ದಿನದಿಂದ ಅಜ್ಜಿ ಮಧ್ಯಾಹ್ನದ ಧಾರಾವಾಹಿಯನ್ನು ಸದ್ದಿಲ್ಲದೆ ನೋಡತೊಡಗಿದರು. ಬೊಗಳುವುದು ನಿಂತಿತು ಎಂದು ಬರೆಯಲಾರೆ, ಕಡಿಮೆಯಾಯಿತು. ಸಂಜೆ ಆರರಿಂದ ಎಂಟರ ಅಂಕಣ ಹನ್ನೆರಡು ದಿನ ಖಾಲಿ ಉಳಿಯಿತು. ಕೊರಳು ಎಡಕ್ಕೆ ತಿರುಗತೊಡಗಿತು.

ಸಭೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಕೆಳಗಿನ ಸೊಸೈಟಿ ಆಫೀಸಿನಲ್ಲಿ. ತರಬೇತುದಾರನನ್ನೂ ಕರೆಸಿದ್ದರು. ನಾನು ಪಶುವೈದ್ಯೆಯ ಫೋಟೋಗಳನ್ನು ಮೇಜಿನ ಮೇಲಿಟ್ಟೆ, ಹನ್ನೊಂದನೇ ಮಹಡಿಯವರ ಹೇಳಿಕೆಯನ್ನು ಓದಿದೆ. ಅವರು ಹಿಂದಿನ ಸಾಲಿನಿಂದ ಕೈ ಎತ್ತಿ, "ಅಕ್ಷರ ಅಕ್ಷರ ಸರಿ," ಎಂದು ಹಿಂದಿಯಲ್ಲಿ ಹೇಳಿದರು. ತರಬೇತುದಾರ ಫೋಟೋಗಳನ್ನು ನೋಡಲಿಲ್ಲ. ತನ್ನ ಫೋನು ನೋಡಿದ.

ಸೆಕ್ರೆಟರಿ ಕನ್ನಡಕ ತೆಗೆದು ಒರೆಸಿಕೊಂಡರು. ಇದೆಲ್ಲ ಕಾಗದ. ಸಭೆಗೆ ಬೇಕಾದದ್ದು ನಾಯಿ ಹೇಳಿದ ಮಾತು ಕೇಳುತ್ತದೋ ಇಲ್ಲವೋ ಎಂಬುದು. "ನಾಯಿಯನ್ನು ಕೆಳಗೆ ತನ್ನಿ. ಎಲ್ಲರ ಎದುರಿಗೆ ಕೂರಿಸಿ, ಮಲಗಿಸಿ ತೋರಿಸಿ."

ಯಜಮಾನರು ಅರ್ಧ ಎದ್ದರು. ಮಗಳ ಕೈಗೆ ಕೀಲಿ ಕೊಟ್ಟರು. ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಿಂದ ಅಜ್ಜಿ ಮಾತಾಡಿದರು. ಆ ಸಭೆಯಲ್ಲಿ ಅವರು ಮಾತಾಡಿದ್ದು ಅದೊಂದೇ ಸಲ, ಅದೂ ಕನ್ನಡದಲ್ಲಿ.

"ಅದು ಮಲಗಿದೆ. ಈಗ ಎಬ್ಬಿಸ್ಲಿಕ್ಕಿಲ್ಲ."

"ಆಜೀ ಕಾಯ್ ಮ್ಹಣತಾತ?" ಎಂದು ಸೆಕ್ರೆಟರಿ ಮರಾಠಿಯಲ್ಲಿ ಕೇಳಿದರು, ಅಜ್ಜಿ ಏನೆನ್ನುತ್ತಿದ್ದಾರೆ?

ಮೊಮ್ಮಗಳು ಕೀಲಿಯನ್ನು ಅಪ್ಪನ ಮುಂದೆ ಮೇಜಿನ ಮೇಲಿಟ್ಟಳು. "ತೋ ಝೋಪಲಾಯ್," ಎಂದಳು. "ಆಜೀ ಉಠವೂ ದೇಣಾರ ನಾಹೀ." ಅವನು ಮಲಗಿದ್ದಾನೆ, ಅಜ್ಜಿ ಎಬ್ಬಿಸಲು ಬಿಡುವುದಿಲ್ಲ.

ಯಾರೋ ನಕ್ಕರು. ಹನ್ನೊಂದನೇ ಮಹಡಿಯವರು ತಮ್ಮ ಹೆಬ್ಬೆರಳ ಕಲೆಯನ್ನು ಸವರುತ್ತಾ, "ಮಲಗಲಿ ಬಿಡಿ ಸಾರ್. ಕಚ್ಚಿಸಿಕೊಂಡವನೇ ಹೇಳ್ತಿದ್ದೇನಲ್ಲ," ಎಂದು ಮತ್ತೆ ಹಿಂದಿಯಲ್ಲೇ ಹೇಳಿದರು. ಸೆಕ್ರೆಟರಿ ಅಜ್ಜಿಯನ್ನು ನೋಡಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ಅವರನ್ನೇ ನೋಡುತ್ತಿದ್ದರು. ಲಿಫ್ಟಿನಲ್ಲಿ ಮಝಲ್ ಕಡ್ಡಾಯ, ನಾಯಿ ಇರಬಹುದು, ಎಂದು ಸೆಕ್ರೆಟರಿ ರಿಜಿಸ್ಟರಿನಲ್ಲಿ ಬರೆದರು. ಮುಂದಿನ ವಿಷಯ ಪಾರ್ಕಿಂಗ್.

ಸಂಜೆ ಹೊರಡುವಾಗ ಗಾಜಿನ ಪೆಟ್ಟಿಗೆಯಲ್ಲಿ ನೋಟಿಸು ಇರಲಿಲ್ಲ. ಕಾರ್ಡು ಇತ್ತು. ಕೈಕಟ್ಟಿ ನಿಂತ ಮನುಷ್ಯ, ತಲೆ ತಗ್ಗಿಸಿದ ನಾಯಿ. ನೋಟಿಸು ತೆಗೆದ ಜಾಗದಲ್ಲಿ ಈಗ ಅದು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಇದನ್ನೂ ಬರೆದುಕೊಂಡೆ. ಟಿಪ್ಪಣಿಯಲ್ಲಿ ಅದರ ಮೇಲಿನ ಸಾಲು, ಕೋಣೆಯಲ್ಲಿ ಇಟ್ಟುಹೋಗಿದ್ದ ಫೋನಿನ ವೀಡಿಯೊ ನೋಡಿ ಅಜ್ಜಿ ಹೇಳಿ ಬರೆಸಿದ್ದು: ಬೆಳಿಗ್ಗೆ ಹತ್ತೂವರೆಯಿಂದ ಒಂದೂಕಾಲು, ನಿದ್ದೆ. ಲಿಫ್ಟು ಬಂತು ಹೋಯಿತು. ಏಳಲಿಲ್ಲ.